ಕ್ಯಾಮೆರಾ ನುಂಗಿದರೆ ಸಾಕಾ, ಎಂಡೋಸ್ಕೋಪಿ ಬೇಡವಾ?

ಪ್ರಶ್ನೆ: ನನಗೆ 48 ವರ್ಷ, ಪುರುಷ. ಮೂರ್ನಾಲ್ಕು ತಿಂಗಳಿಂದ ವಿಪರೀತ ಸುಸ್ತು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 9 ಇದೆ, ಕಬ್ಬಿಣದ ಅಂಶ ತೀರಾ ಕಡಿಮೆ ಇದೆ ಎಂದು ಬಂತು. ಹೊಟ್ಟೆನೋವೇನೂ ಇಲ್ಲ. ಆದರೂ ವೈದ್ಯರು ಬಾಯಿಯಿಂದ ಒಂದು, ಕೆಳಗಿನಿಂದ ಒಂದು, ಎರಡೂ ಎಂಡೋಸ್ಕೋಪಿ ಆಗಲೇಬೇಕು ಎನ್ನುತ್ತಿದ್ದಾರೆ. ಹಿಂದೊಮ್ಮೆ ಬಾಯಿಯಿಂದ ಪೈಪ್ ಹಾಕಿಸಿಕೊಂಡಾಗ ಉಸಿರು ಕಟ್ಟಿದಂತಾಗಿ, ವಾಕರಿಸಿ ವಾಕರಿಸಿ ಸಾಕಾಗಿತ್ತು. ಇನ್ನೊಮ್ಮೆ ಅದು ಬೇಡವೇ ಬೇಡ ಅನಿಸಿದೆ. ಮಾತ್ರೆಯಂಥ ಕ್ಯಾಮೆರಾ ನುಂಗಿದರೆ ಒಳಗಿನದೆಲ್ಲದರ ಫೋಟೋ ಬರುತ್ತದಂತೆ. ಅದನ್ನೇ ಮಾಡಿಸಿಕೊಳ್ಳಬಹುದಾ? ಅದು ಒಳಗೇ ಸಿಕ್ಕಿಹಾಕಿಕೊಂಡರೆ ಏನು ಗತಿ?

ಉತ್ತರ: ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ. ಗಂಟಲಲ್ಲಿ ಪೈಪ್ ಇಳಿಯುವಾಗ ವಾಕರಿಕೆ ಬರುವುದು ಸಹಜ. ಕೆಲವರಿಗೆ ಅದು ಅಷ್ಟಾಗಿ ಬಾಧಿಸುವುದಿಲ್ಲ, ಕೆಲವರಿಗೆ ತೀರಾ ಜಾಸ್ತಿ. ಒಮ್ಮೆ ಹಾಗೆ ಒದ್ದಾಡಿದವರು ಮತ್ತೆ ಆ ಕೋಣೆಗೆ ಕಾಲಿಡಲು ಹಿಂಜರಿದರೆ ಅವರನ್ನು ಪುಕ್ಕಲರು ಎನ್ನುವುದು ತಪ್ಪು. ಆದರೆ ನೀವು ಕೇಳಿದ್ದಕ್ಕೆ ನೇರವಾಗಿಯೇ ಹೇಳುತ್ತೇನೆ. ನಿಮ್ಮ ವಿಷಯದಲ್ಲಿ ಆ ಎರಡು ಎಂಡೋಸ್ಕೋಪಿಗಳ ಬದಲು ಕ್ಯಾಪ್ಸೂಲ್ ನುಂಗುವುದು ಸರಿಯಾದ ದಾರಿಯಲ್ಲ. ಎರಡೂ ಆದ ಮೇಲೆ ಕಾರಣ ಸಿಗದಿದ್ದರೆ ಮೂರನೆಯ ಪರೀಕ್ಷೆಯಾಗಿ ಅದು ಬೇಕಾಗಬಹುದು. ವಾಕರಿಕೆಯ ಕಷ್ಟಕ್ಕೆ ಬೇರೆ ಪರಿಹಾರಗಳಿವೆ. ಅದನ್ನೂ ಹೇಳುತ್ತೇನೆ.

ಮೊದಲು, ನಿಮ್ಮ ವೈದ್ಯರು ಯಾಕೆ ಇಷ್ಟು ಒತ್ತಾಯ ಮಾಡುತ್ತಿದ್ದಾರೆ ಎನ್ನುವುದನ್ನು ನೋಡೋಣ. ನಿಮ್ಮ ವಯಸ್ಸಿನ ಗಂಡಸಿಗೆ ಕಬ್ಬಿಣದ ಕೊರತೆ ಇಷ್ಟಾಗಿದೆ ಎಂದರೆ, ಊಟ ಸರಿಯಿಲ್ಲ ಎಂದು ಹೇಳಿ ಕೈತೊಳೆದುಕೊಳ್ಳುವ ಹಾಗಿಲ್ಲ. ಎಲ್ಲೋ ರಕ್ತ ಸ್ವಲ್ಪ ಸ್ವಲ್ಪವೇ ಸೋರುತ್ತಿರಬಹುದು. ಇಲ್ಲವೇ ತಿಂದ ಕಬ್ಬಿಣ ಮೈಗೆ ಹತ್ತುತ್ತಿಲ್ಲದಿರಬಹುದು. ಜಠರದ ಹುಣ್ಣು, ನೋವಿನ ಮಾತ್ರೆಗಳಿಂದಾದ ಗಾಯ, ಸೀಲಿಯಾಕ್ ಕಾಯಿಲೆ (ಗೋಧಿಯಲ್ಲಿರುವ ಗ್ಲುಟೆನ್ ಒಗ್ಗದೆ ಸಣ್ಣ ಕರುಳು ಹಾಳಾಗುವುದು), ದೊಡ್ಡ ಕರುಳಿನ ಪಾಲಿಪ್ (ಒಳಗೋಡೆಯಲ್ಲಿ ಬೆಳೆಯುವ ಸಣ್ಣ ಗಂಟು), ಹೀಗೆ ಕಾರಣ ಏನು ಬೇಕಾದರೂ ಇರಬಹುದು. ನಮಗೆ ಜಾಸ್ತಿ ಚಿಂತೆ ಇರುವುದು ದೊಡ್ಡ ಕರುಳಿನ ಬಲಭಾಗದ ಕ್ಯಾನ್ಸರ್ ಬಗ್ಗೆ. ಅಲ್ಲಿ ಕರುಳು ಅಗಲವಾಗಿದೆ, ಮಲ ಇನ್ನೂ ನೀರಾಗಿಯೇ ಇರುತ್ತದೆ. ಹಾಗಾಗಿ ಗಡ್ಡೆ ಬೆಳೆದರೂ ಎಷ್ಟೋ ಸಲ ಬಹಳ ದಿನ ತಡೆ ಉಂಟಾಗುವುದಿಲ್ಲ, ನೋವೂ ಇರುವುದಿಲ್ಲ. ಸೋರಿದ ರಕ್ತ ಮಲದಲ್ಲಿ ಬೆರೆತುಹೋಗುವುದರಿಂದ ಕಣ್ಣಿಗೆ ಕಾಣುವುದೂ ಇಲ್ಲ. ಎಷ್ಟೋ ಜನರಲ್ಲಿ ಮೊದಲ ಸುಳಿವು ಸುಸ್ತು ಮತ್ತು ಕಡಿಮೆ ಹಿಮೋಗ್ಲೋಬಿನ್ ಮಾತ್ರ. 'ನೋವಿಲ್ಲವಲ್ಲ' ಎನ್ನುವ ಸಮಾಧಾನವನ್ನು ಇಲ್ಲಿ ನಂಬಬೇಡಿ.

ಈಗ ಕ್ಯಾಪ್ಸೂಲ್ ವಿಷಯಕ್ಕೆ ಬರೋಣ. ಇದು ನಿಜಕ್ಕೂ ಅದ್ಭುತ ಸಾಧನ. ಇಸ್ರೇಲಿನ ಗೇವ್ರಿಯೆಲ್ ಇಡ್ಡಾನ್ ಕ್ಷಿಪಣಿಗಳಿಗೆ ಕಣ್ಣು ಕೊಡುವ ಕೆಲಸ ಮಾಡುತ್ತಿದ್ದ ಎಂಜಿನಿಯರ್. ಅದೇ ತಿಳಿವಳಿಕೆಯನ್ನು ಕರುಳಿನೊಳಗೆ ಬಳಸಬಹುದಲ್ಲ ಎಂದು ಅವರಿಗೆ ಹೊಳೆಯಿತು. ಲಂಡನ್ನಿನ ವೈದ್ಯ ಪಾಲ್ ಸ್ವೇನ್ ಕೂಡ ಬೇರೆಯಾಗಿ ಇದೇ ದಿಕ್ಕಿನಲ್ಲಿ ಕೆಲಸ ಮಾಡುತ್ತಿದ್ದರು. ಕೊನೆಗೆ ಇಬ್ಬರೂ ಜೊತೆಯಾದರು. 2000ರಲ್ಲಿ ನೇಚರ್ ಪತ್ರಿಕೆಯಲ್ಲಿ ವರದಿ ಬಂತು. 2001ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಸುಮಾರು 26 ಮಿಲಿಮೀಟರ್ ಉದ್ದ, 11 ಮಿಲಿಮೀಟರ್ ದಪ್ಪ, 4 ಗ್ರಾಂಗಿಂತ ಕಡಿಮೆ ತೂಕ. ದೊಡ್ಡ ವಿಟಮಿನ್ ಮಾತ್ರೆಯಷ್ಟು ಗಾತ್ರ, ಅಷ್ಟೇ. ಅದರೊಳಗೆ ಒಂದು ಕ್ಯಾಮೆರಾ, ನಾಲ್ಕಾರು ಪುಟ್ಟ ಎಲ್‌ಇಡಿ ದೀಪ, ಗುಂಡಿಯಂಥ ಬ್ಯಾಟರಿ, ಚಿತ್ರಗಳನ್ನು ಹೊರಗೆ ಕಳಿಸುವ ಟ್ರಾನ್ಸ್‌ಮಿಟರ್. ಸೊಂಟಕ್ಕೆ ಕಟ್ಟಿದ ಪಟ್ಟಿ ಚಿತ್ರಗಳನ್ನು ಹಿಡಿದು ರೆಕಾರ್ಡರ್‌ಗೆ ಸೇರಿಸುತ್ತದೆ. ಕೆಲವು ಕಂಪನಿಗಳ ಕ್ಯಾಪ್ಸೂಲ್ ಚಿತ್ರಗಳನ್ನು ತನ್ನೊಳಗೇ ಇಟ್ಟುಕೊಳ್ಳುತ್ತದೆ. ಅದಾದರೆ ಹೊರಬಂದ ಮೇಲೆ ನೀವೇ ಎತ್ತಿ ತಂದುಕೊಡಬೇಕಾಗುತ್ತದೆ. ಉಳಿದವು ಒಮ್ಮೆ ಬಳಸಿ ಬಿಡುವಂಥವು, ಟಾಯ್ಲೆಟ್‌ನಲ್ಲಿ ಹೋದರೆ ಹೋಯಿತು.

ಇದನ್ನು ಕಂಡುಹಿಡಿದದ್ದು ಯಾವ ಜಾಗಕ್ಕಾಗಿ ಎನ್ನುವುದು ಮುಖ್ಯ. ಬಾಯಿಯಿಂದ ಹಾಕುವ ಮಾಮೂಲಿ ಪೈಪ್ ಜಠರ ದಾಟಿ ಸಣ್ಣ ಕರುಳಿನ ಮೊದಲ ತುದಿಯವರೆಗೆ ಹೋಗುತ್ತದೆ. ಕೆಳಗಿನಿಂದ ಹಾಕುವ ಪೈಪ್ ದೊಡ್ಡ ಕರುಳೆಲ್ಲ ನೋಡಿ ಸಣ್ಣ ಕರುಳಿನ ಕೊನೆಯ ತುದಿಯನ್ನು ಇಣುಕಿ ನೋಡುತ್ತದೆ. ನಡುವೆ ಉಳಿಯುವ ಹಲವು ಮೀಟರ್ ಸಣ್ಣ ಕರುಳು ಎರಡಕ್ಕೂ ಎಟುಕುವುದಿಲ್ಲ. ಹಿಂದೆ ಅಲ್ಲಿ ಏನಾಗಿದೆ ಎಂದು ತಿಳಿಯಲು ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆಯಬೇಕಿತ್ತು. ಅದರಲ್ಲಿ ಸಣ್ಣಪುಟ್ಟ ಗಾಯ ಕಾಣುತ್ತಲೇ ಇರಲಿಲ್ಲ. ಇಲ್ಲವೇ ಹೊಟ್ಟೆ ಕೊಯ್ದು ನೋಡಬೇಕಿತ್ತು. ಆ ಕತ್ತಲೆಯ ಜಾಗಕ್ಕೆ ಬೆಳಕು ತಂದದ್ದು ಈ ಕ್ಯಾಪ್ಸೂಲ್. ಮೇಲಿನ, ಕೆಳಗಿನ ಎಂಡೋಸ್ಕೋಪಿ ಎರಡೂ ಮಾಡಿ ಏನೂ ಸಿಗದವರಿಗೆ ಇವತ್ತು ಎಲ್ಲೆಡೆ ಸಾಮಾನ್ಯವಾಗಿ ಮುಂದಿನ ಹೆಜ್ಜೆ ಇದೇ.

ಅದರ ವಿಡಿಯೊ ಓದುವುದು ಹೇಗಿರುತ್ತದೆ ಎಂದು ಸ್ವಲ್ಪ ಹೇಳುತ್ತೇನೆ. ಅದು ಗೊತ್ತಾದರೆ ಈ ಪರೀಕ್ಷೆಯ ಬಲವೂ ಮಿತಿಯೂ ಅರ್ಥವಾಗುತ್ತದೆ. ಸೆಕೆಂಡಿಗೆ ಎರಡು ಚಿತ್ರದಂತೆ ಎಂಟು ಗಂಟೆ ತೆಗೆದರೆ 57,600 ಚಿತ್ರ. ಹೊಸ ಕ್ಯಾಪ್ಸೂಲ್‌ಗಳು ವೇಗವಾಗಿ ಸಾಗುವಾಗ ಇನ್ನೂ ಜಾಸ್ತಿ ತೆಗೆಯುತ್ತವೆ. ಪರದೆಯ ಮೂಲೆಯಲ್ಲಿ ಗಡಿಯಾರ ಓಡುತ್ತಿರುತ್ತದೆ. ಮೊದಲು ಹಲ್ಲು, ನಾಲಗೆ, ಆಮೇಲೆ ಕಣ್ಣು ಮಿಟುಕಿಸುವಷ್ಟರಲ್ಲಿ ಅನ್ನನಾಳ. ಜಠರದಲ್ಲಿ ಸ್ವಲ್ಪ ಹೊತ್ತು ಹೊರಳಾಟ. ಬಾಗಿಲು ತೆರೆದು ಸಣ್ಣ ಕರುಳಿಗೆ ಇಳಿದ ಕೂಡಲೇ ಚಿತ್ರವೇ ಬದಲಾಗುತ್ತದೆ. ಗಾಳಿ ತುಂಬಿಲ್ಲದ ಕರುಳು ಕ್ಯಾಪ್ಸೂಲನ್ನು ಅಪ್ಪಿಕೊಂಡಿರುತ್ತದೆ. ತಿಳಿ ದ್ರವದಲ್ಲಿ ವಿಲ್ಲೈ ಎನ್ನುವ ಕೂದಲೆಳೆಯಂಥ ರಚನೆಗಳು ಒಂದೊಂದಾಗಿ ಕಾಣುತ್ತವೆ. ಇಷ್ಟು ಹತ್ತಿರದ ನೋಟ ಬೇರೆ ಯಾವ ಸುಲಭ ಪರೀಕ್ಷೆಯಲ್ಲೂ ಸಿಗುವುದಿಲ್ಲ. ಹೀಗೆ ಹೋಗುತ್ತಾ ಹೋಗುತ್ತಾ, ಮೂರು ಗಂಟೆ ಚಿಲ್ಲರೆ ಕಳೆದಾಗ, ಎರಡು ಮೂರು ಮಿಲಿಮೀಟರಿನ ಒಂದು ಕಡುಗೆಂಪು ಚುಕ್ಕೆ ಬರುತ್ತದೆ ಎಂದುಕೊಳ್ಳಿ. ಹಿಗ್ಗಿದ ಸಣ್ಣ ರಕ್ತನಾಳಗಳ ಗೊಂಚಲು ಅದು. ಮೂರೇ ಚಿತ್ರಗಳಲ್ಲಿ ಇರುತ್ತದೆ, ನಾಲ್ಕನೆಯದರಲ್ಲಿ ಇಲ್ಲ. ಅಂದರೆ ಒಂದೂವರೆ ಸೆಕೆಂಡು. ರೋಗಿಯ ತಿಂಗಳುಗಟ್ಟಲೆಯ ರಕ್ತಹೀನತೆಗೆ ಕಾರಣ ಆ ಒಂದೂವರೆ ಸೆಕೆಂಡಿನಲ್ಲಿ ಇರಬಹುದು. ಓದುವವರು ಅದೇ ಕ್ಷಣ ಬೇರೆಡೆ ನೋಡಿದರೆ ಹೋಯಿತು. ಅದಕ್ಕೇ ಒಂದು ವಿಡಿಯೊ ಸರಿಯಾಗಿ ಓದಲು ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಹಿಡಿಯುತ್ತದೆ. ಅನುಮಾನದ ಚಿತ್ರಗಳನ್ನು ಹೆಕ್ಕಿ ಕೊಡಲು ಈಗ ಕೃತಕ ಬುದ್ಧಿಮತ್ತೆಯ ಸಾಫ್ಟ್‌ವೇರ್‌ಗಳು ಬಂದಿವೆ, ಒಳ್ಳೆಯ ಸಹಾಯ. ಆದರೂ ಕೊನೆಯ ಮಾತು ನುರಿತ ಕಣ್ಣಿನದೇ ಆಗಿರಬೇಕು ಎನ್ನುವುದು ನನ್ನ ಅಭಿಪ್ರಾಯ.

ಹಾಗಾದರೆ ಜಠರವನ್ನೂ ಇದೇ ನೋಡಬಹುದಲ್ಲ, ಹೇಗೂ ಅದೇ ದಾರಿಯಲ್ಲಿ ಹೋಗುತ್ತದಲ್ಲ ಎಂದು ನೀವು ಕೇಳಬಹುದು. ನೋಡುತ್ತದೆ, ಆದರೆ ನಂಬಿಕೆಗೆ ಸಾಕಾಗುವಷ್ಟು ನೋಡುವುದಿಲ್ಲ. ಸಣ್ಣ ಕರುಳು ಕಿರಿದು, ಕ್ಯಾಪ್ಸೂಲ್ ಅದರ ಗೋಡೆಗೆ ಒತ್ತಿಕೊಂಡೇ ಸಾಗುತ್ತದೆ. ಜಠರ ಹಾಗಲ್ಲ. ದೊಡ್ಡ ಗೋಣಿಚೀಲದೊಳಗೆ ಟಾರ್ಚ್ ಬಿದ್ದರೆ ಅದು ಯಾವ ಕಡೆ ತಿರುಗಿದೆಯೋ ಆ ಕಡೆ ಮಾತ್ರ ಬೆಳಕು, ಅಲ್ವಾ? ಇಲ್ಲೂ ಅಷ್ಟೇ. ಪೈಪ್ ಹಿಡಿದ ವೈದ್ಯರು ಗಾಳಿ ತುಂಬಿಸಿ ಜಠರದ ಮಡಿಕೆಗಳನ್ನು ಬಿಡಿಸುತ್ತಾರೆ. ನೀರು ಹಾಯಿಸಿ ಲೋಳೆ ತೊಳೆಯುತ್ತಾರೆ, ಹೀರಿ ತೆಗೆಯುತ್ತಾರೆ, ತುದಿಯನ್ನು ಹಿಂದಕ್ಕೆ ಬಗ್ಗಿಸಿ ಮೇಲಿನ ಮೂಲೆಯನ್ನೂ ನೋಡುತ್ತಾರೆ. ಕ್ಯಾಪ್ಸೂಲಿಗೆ ಇದ್ಯಾವುದೂ ಆಗದು. ಅನ್ನನಾಳವನ್ನಂತೂ ಕೆಲವೇ ಸೆಕೆಂಡುಗಳಲ್ಲಿ ದಾಟಿಬಿಡುತ್ತದೆ.

ಇದನ್ನು ಸರಿಪಡಿಸಲು ಆಯಸ್ಕಾಂತದಿಂದ ನಡೆಸುವ ಕ್ಯಾಪ್ಸೂಲ್ ಬಂದಿದೆ. ರೋಗಿಯನ್ನು ಮಲಗಿಸಿ, ಜಠರ ಉಬ್ಬುವಷ್ಟು ನೀರು ಕುಡಿಸಿ, ಹೊರಗಿನ ದೊಡ್ಡ ಆಯಸ್ಕಾಂತದಿಂದ ಕ್ಯಾಪ್ಸೂಲನ್ನು ಬೇಕಾದ ಕಡೆಗೆ ತಿರುಗಿಸುತ್ತಾರೆ. ಚೀನಾದಲ್ಲಿ 350 ಜನರಿಗೆ ಎರಡೂ ಪರೀಕ್ಷೆ ಮಾಡಿ ಹೋಲಿಸಿದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಪೈಪಿನಿಂದ ಕಂಡ ಜಠರದ ದೋಷಗಳಲ್ಲಿ ನೂರಕ್ಕೆ 90ರಷ್ಟು ಆ ಕ್ಯಾಪ್ಸೂಲಿಗೂ ಕಂಡವು. ಇದು ಸಣ್ಣ ಮಾತಲ್ಲ. ಮುಂದೆ ಜಠರದ ಪರೀಕ್ಷೆ ಈ ದಾರಿಯಲ್ಲಿ ಸಾಗುತ್ತದೆ ಎಂದು ನಾನೂ ಆಸೆಯಿಂದ ನೋಡುತ್ತಿದ್ದೇನೆ. ಆದರೆ ಈ ಯಂತ್ರ ಇರುವ ಕಡೆಗಳು ಇನ್ನೂ ಕಡಿಮೆ. ಕಂಡದ್ದನ್ನು ಮುಟ್ಟಲಾಗದು ಎನ್ನುವ ಮುಖ್ಯ ಕೊರತೆ ಇದಕ್ಕೂ ಇದೆ.

ಈ ಮುಟ್ಟಲಾಗದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಿಮ್ಮ ಪ್ರಶ್ನೆಗೆ ಉತ್ತರ ನಿಂತಿರುವುದೇ ಅದರ ಮೇಲೆ. ಜಠರದಲ್ಲಿ ಹುಣ್ಣು ಕಂಡಿತು ಎನ್ನೋಣ. ಅದು ಮಾಮೂಲಿ ಹುಣ್ಣೋ, ಕ್ಯಾನ್ಸರೋ? ನೋಡಿದ ಮಾತ್ರಕ್ಕೆ ಹೇಳಲಾಗದು, ಚೂರು ತೆಗೆದು ಬಯಾಪ್ಸಿ ಮಾಡಬೇಕು. ಸೀಲಿಯಾಕ್ ಕಾಯಿಲೆ ಇದೆಯಾ ಎಂದು ಖಚಿತಪಡಿಸಲು ಸಣ್ಣ ಕರುಳಿನ ಆರಂಭದಿಂದ ಚೂರು ಬೇಕು. ಹುಣ್ಣು ತರುವ ಹೆಲಿಕೋಬ್ಯಾಕ್ಟರ್ ಬ್ಯಾಕ್ಟೀರಿಯಾದ ಸೋಂಕು ಇದೆಯೇ ಎಂದು ಜಠರದಿಂದ ತೆಗೆದ ಚೂರಿನಿಂದ ತಿಳಿಯಬಹುದು. ರಕ್ತ ಒಸರುತ್ತಿದ್ದರೆ ಅಲ್ಲೇ ಕ್ಲಿಪ್ ಹಾಕಿ, ಸುಟ್ಟು ನಿಲ್ಲಿಸಬಹುದು. ದೊಡ್ಡ ಕರುಳಲ್ಲಿ ಪಾಲಿಪ್ ಸಿಕ್ಕರೆ ಆಗಲೇ ಕತ್ತರಿಸಿ ತೆಗೆಯಬಹುದು. ಮುಂದೆ ಕ್ಯಾನ್ಸರ್ ಆಗಬಹುದಾಗಿದ್ದದ್ದು ಅಲ್ಲಿಗೇ ಮುಗಿಯಿತು. ಪೈಪ್ ಬರೀ ಕ್ಯಾಮೆರಾ ಅಲ್ಲ, ಕೈಯೂ ಹೌದು. ಕ್ಯಾಪ್ಸೂಲ್ ಕಣ್ಣು ಮಾತ್ರ. ನಿಮ್ಮಂಥವರಲ್ಲಿ ಏನಾದರೂ ಸಿಗುವ ಸಾಧ್ಯತೆ ಜಾಸ್ತಿ ಇರುವುದರಿಂದ, ಮೊದಲು ಕ್ಯಾಪ್ಸೂಲ್ ನುಂಗಿ ಆಮೇಲೆ ಹೇಗೂ ಪೈಪಿಗೇ ಬರಬೇಕಾಗುತ್ತದೆ. ಖರ್ಚು ಎರಡು ಸಲ, ಆತಂಕವೂ ಎರಡು ಸಲ.

ದೊಡ್ಡ ಕರುಳಿಗೆಂದೇ ಬೇರೆ ಕ್ಯಾಪ್ಸೂಲ್ ಇದೆ. ಅದಕ್ಕೆ ಎರಡೂ ತುದಿಯಲ್ಲಿ ಕ್ಯಾಮೆರಾ. ವೇಗ ನೋಡಿಕೊಂಡು ಸೆಕೆಂಡಿಗೆ 4ರಿಂದ 35 ಚಿತ್ರ ತೆಗೆಯುತ್ತದೆ. ಕರುಳು ಚೆನ್ನಾಗಿ ಶುದ್ಧವಾಗಿದ್ದರೆ 6 ಮಿಲಿಮೀಟರಿಗಿಂತ ದೊಡ್ಡ ಪಾಲಿಪ್‌ಗಳನ್ನು ಬಹುಪಾಲು ಹಿಡಿಯುತ್ತದೆ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ 2021ರಲ್ಲಿ, ಕೋವಿಡ್‌ನಿಂದ ಪರೀಕ್ಷೆಗಳ ಸರತಿ ಬೆಳೆದುಹೋದಾಗ, 11,000 ಜನರಿಗೆ ಇದನ್ನು ಕೊಟ್ಟು ನೋಡುವ ಯೋಜನೆ ಹಾಕಿತು. ಅಮೆರಿಕದಲ್ಲಿ 2014ರಲ್ಲಿ ಒಪ್ಪಿಗೆ ಸಿಕ್ಕಿದ್ದು ಕೊಲೊನೊಸ್ಕೋಪಿ, ಅಂದರೆ ಕೆಳಗಿನಿಂದ ಮಾಡುವ ಎಂಡೋಸ್ಕೋಪಿ, ಅರ್ಧಕ್ಕೇ ನಿಂತುಹೋದವರಿಗಾಗಿ. ಜನ ಊಹಿಸದ ಒಂದು ವಿಷಯವಿದೆ. ಇದಕ್ಕೆ ಕುಡಿಯಬೇಕಾದ ಭೇದಿ ಔಷಧ ಕೊಲೊನೊಸ್ಕೋಪಿಗಿಂತ ಜಾಸ್ತಿ. ಕರುಳನ್ನು ತೊಳೆದರೆ ಸಾಲದು, ಬ್ಯಾಟರಿ ಮುಗಿಯುವುದರೊಳಗೆ ಕ್ಯಾಪ್ಸೂಲನ್ನು ಕೊನೆಯವರೆಗೆ ತಳ್ಳಬೇಕು. ಹಾಗಾಗಿ ನುಂಗಿದ ಮೇಲೂ ಎರಡು ಮೂರು ಸಲ ಕುಡಿಯಬೇಕು. ಕೊಲೊನೊಸ್ಕೋಪಿಯಲ್ಲಿ ಬೇಸರ ತರಿಸುವುದು ಪೈಪಿಗಿಂತ ಈ ಭೇದಿ ಔಷಧವೇ ಎಂದು ಮಾಡಿಸಿಕೊಂಡವರು ಹೇಳುವುದುಂಟು. ಅದು ತಪ್ಪುವುದಿಲ್ಲ, ಜಾಸ್ತಿಯಾಗುತ್ತದೆ. ಹೃದಯ ಅಥವಾ ಶ್ವಾಸಕೋಶದ ತೊಂದರೆಯಿಂದ ಕೊಲೊನೊಸ್ಕೋಪಿ ಮಾಡಲಾಗದವರಿಗೆ ಸಿಟಿ ಸ್ಕ್ಯಾನಿನಿಂದ ದೊಡ್ಡ ಕರುಳು ನೋಡುವ ವಿಧಾನವೂ ಇದೆ. ನಿಮಗೆ ಅಂಥ ತೊಂದರೆ ಇಲ್ಲದಿದ್ದರೆ ಅದರ ಬಗ್ಗೆ ಈಗ ತಲೆಕೆಡಿಸಿಕೊಳ್ಳುವುದು ಬೇಡ.

ಇನ್ನು ಸಿಕ್ಕಿಹಾಕಿಕೊಳ್ಳುವ ಭಯ. ನುಂಗಿ ಎರಡು ವಾರವಾದರೂ ಹೊರಬರದಿದ್ದರೆ ಒಳಗೇ ಉಳಿದಿದೆ ಎಂದು ಲೆಕ್ಕ. ರಕ್ತ ಎಲ್ಲಿ ಸೋರುತ್ತಿದೆ ಎಂದು ಹುಡುಕಲು ನುಂಗಿದವರಲ್ಲಿ ಇದು ನೂರಕ್ಕೆ ಒಬ್ಬಿಬ್ಬರಿಗೆ ಆಗುತ್ತದೆ. ಸುಮ್ನೆ ಎಲ್ಲೆಂದರಲ್ಲಿ ಸಿಕ್ಕಿಕೊಳ್ಳುವುದಿಲ್ಲ, ಕರುಳು ಕಿರಿದಾದ ಕಡೆ ನಿಲ್ಲುತ್ತದೆ. ಕ್ರೋನ್ಸ್ ಕಾಯಿಲೆ (ಕರುಳಿನ ದೀರ್ಘಕಾಲದ ಉರಿಯೂತ) ಇರುವವರು, ಹೊಟ್ಟೆಗೆ ರೇಡಿಯೇಷನ್ ಆದವರು, ಹಿಂದೆ ಕರುಳಿನ ಆಪರೇಷನ್ ಆದವರು, ವರ್ಷಗಟ್ಟಲೆ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನುಂಗಿದವರು ಮೊದಲೇ ಹೇಳಬೇಕು. ಅಂಥವರಿಗೆ ಮೊದಲು ಅಷ್ಟೇ ಗಾತ್ರದ, ಸಿಕ್ಕಿಕೊಂಡರೆ ಒಳಗೆ ತಾನೇ ಕರಗಿಹೋಗುವ ನಕಲಿ ಕ್ಯಾಪ್ಸೂಲ್ ನುಂಗಿಸಿ ದಾರಿ ಸಲೀಸಾಗಿದೆಯಾ ಎಂದು ನೋಡುತ್ತಾರೆ. ಅದು ಹಾಗೇ ಇಡಿಯಾಗಿ ಹೊರಬಂದರೆ ನಿಜವಾದದ್ದನ್ನು ಕೊಡಬಹುದು. ಒಂದು ವೇಳೆ ಅಸಲಿ ಕ್ಯಾಪ್ಸೂಲ್ ನಿಂತರೂ ಹೆಚ್ಚಿನವರಿಗೆ ನೋವೇನೂ ಬರುವುದಿಲ್ಲ. ಔಷಧದಿಂದ ಊತ ಇಳಿದು ಕೆಲವರಲ್ಲಿ ತಾನೇ ಹೋಗುತ್ತದೆ. ಇಲ್ಲವಾದರೆ ಬಲೂನ್ ಇರುವ ಉದ್ದ ಎಂಡೋಸ್ಕೋಪ್‌ನಿಂದ ತೆಗೆಯುತ್ತಾರೆ, ಅಪರೂಪಕ್ಕೆ ಆಪರೇಷನ್ ಬೇಕಾಗುತ್ತದೆ. ಅದು ನಿಂತ ಜಾಗವೇ ಹಲವು ಸಲ ಕಾಯಿಲೆ ಇರುವ ಜಾಗವಾಗಿರುತ್ತದೆ. ನುಂಗಲು ಕಷ್ಟವಿರುವವರಿಗೆ, ಪಾರ್ಶ್ವವಾಯು ಆದವರಿಗೆ ಬೇರೆ ಅಪಾಯವಿದೆ. ಕ್ಯಾಪ್ಸೂಲ್ ಶ್ವಾಸನಾಳಕ್ಕೆ ಜಾರಬಹುದು. ಅವರಿಗೆ ಎಂಡೋಸ್ಕೋಪ್ ಬಳಸಿ ನೇರವಾಗಿ ಕರುಳಿನೊಳಗೇ ಬಿಡುವ ವ್ಯವಸ್ಥೆ ಇದೆ.

ಈಗ ನಿಮ್ಮ ಅಸಲಿ ಕಷ್ಟಕ್ಕೆ ಬರುತ್ತೇನೆ. ಹಿಂದಿನ ಸಲ ನಿಮಗೆ ಬಹುಶಃ ಗಂಟಲಿಗೆ ಮರಗಟ್ಟಿಸುವ ಸ್ಪ್ರೇ ಮಾತ್ರ ಹಾಕಿರಬೇಕು. ಈ ಸಲ ಪರೀಕ್ಷೆಗೆ ದಿನ ಗೊತ್ತು ಮಾಡುವಾಗಲೇ ಹೇಳಿಬಿಡಿ: 'ಹೋದ ಸಲ ನನಗೆ ತಡೆಯಲಾಗಲಿಲ್ಲ, ಮಂಪರು ಕೊಟ್ಟು ಮಾಡಿ.' ಇಂಜೆಕ್ಷನ್ ಕೊಟ್ಟು ಅರೆನಿದ್ರೆಗೆ ತರುವುದು ಮಾಮೂಲಿ ಕ್ರಮ. ಅರಿವಳಿಕೆ ತಜ್ಞರು ಇರುವ ಕಡೆ ಇನ್ನೂ ಗಾಢವಾಗಿ ಮಲಗಿಸಿಯೂ ಮಾಡುತ್ತಾರೆ. ಎಷ್ಟೋ ಜನರಿಗೆ ಎದ್ದ ಮೇಲೆ ಏನೂ ನೆನಪಿರುವುದಿಲ್ಲ. ಮೇಲಿನದು, ಕೆಳಗಿನದು ಎರಡನ್ನೂ ಒಂದೇ ದಿನ, ಒಂದೇ ಮಂಪರಿನಲ್ಲಿ ಮುಗಿಸಬಹುದು, ಅದನ್ನೇ ಕೇಳಿ. ಬಾಯಿಯಿಂದ ಮಾಡುವುದಕ್ಕೆ ಐದರಿಂದ ಹತ್ತು ನಿಮಿಷ, ಕೆಳಗಿನದಕ್ಕೆ ಅರ್ಧ ಮುಕ್ಕಾಲು ಗಂಟೆ. ಮಂಪರು ಪಡೆದ ದಿನ ಗಾಡಿ ಓಡಿಸಬಾರದು, ಜೊತೆಗೆ ಒಬ್ಬರು ಇರಬೇಕು. ನಿದ್ರೆ ಬರಿಸುವುದು ನಿಮಗೆ ಇಷ್ಟವಿಲ್ಲದಿದ್ದರೆ ಮೂಗಿನಿಂದ ಇಳಿಸುವ 5-6 ಮಿಲಿಮೀಟರಿನ ಸಪೂರ ಪೈಪ್ ಇದೆಯಾ ಎಂದು ವಿಚಾರಿಸಿ. ಮಾಮೂಲಿ ಪೈಪ್ 9-10 ಮಿಲಿಮೀಟರ್ ಇರುತ್ತದೆ. ಮೂಗಿನಿಂದ ಹೋಗುವಾಗ ನಾಲಗೆಯ ಬುಡ ತಾಗುವುದು ಕಡಿಮೆ, ವಾಕರಿಕೆಯೂ ಕಡಿಮೆ. ಕೊಲೊನೊಸ್ಕೋಪಿಗೆ ಗಾಳಿಯ ಬದಲು ಇಂಗಾಲದ ಡೈಆಕ್ಸೈಡ್ ಬಳಸುವ ಕಡೆ ಮಾಡಿಸಿಕೊಂಡರೆ ಆಮೇಲಿನ ಹೊಟ್ಟೆಯುಬ್ಬರ ಬೇಗ ಇಳಿಯುತ್ತದೆ.

ಪೈಪಿನ ಪರೀಕ್ಷೆಗಳಿಗೂ ಅಪಾಯವಿದೆ. ಕರುಳಿಗೆ ತೂತು ಬೀಳುವುದು, ರಕ್ತ ಬರುವುದು, ಮಂಪರಿನ ತೊಂದರೆ. ಬರೀ ನೋಡುವುದಕ್ಕಷ್ಟೇ ಮಾಡಿದಾಗ ತೂತು ಬೀಳುವುದು ಸಾವಿರಕ್ಕೊಂದಕ್ಕಿಂತಲೂ ಅಪರೂಪ. ದೊಡ್ಡ ಪಾಲಿಪ್ ಕತ್ತರಿಸುವಾಗ ಸ್ವಲ್ಪ ಹೆಚ್ಚು. ಕಾರಣ ತಿಳಿಯದೆ ಕಬ್ಬಿಣದ ಮಾತ್ರೆ ನುಂಗುತ್ತಾ ಕಾಲ ತಳ್ಳುವುದು ನಿಮ್ಮ ವಿಷಯದಲ್ಲಿ ಇದಕ್ಕಿಂತ ಎಷ್ಟೋ ದೊಡ್ಡ ಅಪಾಯ.

ಎರಡೂ ಮುಗಿದು ಕಾರಣ ಸಿಗದೆ ಕ್ಯಾಪ್ಸೂಲ್ ಸರದಿ ಬಂತು ಎನ್ನೋಣ. ಆಗ ಹೆದರುವಂಥದ್ದೇನೂ ಇಲ್ಲ. ಹಿಂದಿನ ರಾತ್ರಿಯಿಂದ ಉಪವಾಸ, ಕರುಳು ತೊಳೆಯಲು ಔಷಧ, ನೊರೆ ಒಡೆಯಲು ಸಿಮೆಥಿಕೋನ್. ಕಬ್ಬಿಣದ ಮಾತ್ರೆಯನ್ನು ಒಂದು ವಾರ ಮೊದಲೇ ನಿಲ್ಲಿಸಬೇಕು. ಅದು ಕರುಳಿನ ಗೋಡೆಗೆ ಕಪ್ಪಾಗಿ ಮೆತ್ತಿಕೊಂಡು ಚಿತ್ರ ಹಾಳುಮಾಡುತ್ತದೆ. ಕೊಲೊನೊಸ್ಕೋಪಿಗೂ ಇದೇ ನಿಯಮ. ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಮಾತ್ರ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಬೆಳಿಗ್ಗೆ ಕ್ಯಾಪ್ಸೂಲ್ ನುಂಗಿ, ಪಟ್ಟಿ ಕಟ್ಟಿಕೊಂಡು ಓಡಾಡಬಹುದು. ಎರಡು ಗಂಟೆ ಬಿಟ್ಟು ತಿಳಿ ಪಾನೀಯ, ನಾಲ್ಕು ಗಂಟೆ ಬಿಟ್ಟು ಲಘು ಆಹಾರ. ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ತಿಳಿಸಿ. ಕೆಲವರಲ್ಲಿ ಜಠರ ನಿಧಾನವಾಗಿ ಕೆಲಸ ಮಾಡುತ್ತದೆ, ಕ್ಯಾಪ್ಸೂಲ್ ಅಲ್ಲೇ ಗಂಟೆಗಟ್ಟಲೆ ಕೂತು ಬ್ಯಾಟರಿ ಮುಗಿಸಿಬಿಡುತ್ತದೆ. ಪೇಸ್‌ಮೇಕರ್ ಇದ್ದರೂ ಹೇಳಬೇಕು. ಕ್ಯಾಪ್ಸೂಲ್ ಹೊರಹೋಯಿತು ಎಂದು ಖಚಿತವಾಗುವವರೆಗೆ ಎಂಆರ್‌ಐ ಮಾಡಿಸಬಾರದು. ಹೋದದ್ದು ಕಣ್ಣಿಗೆ ಬೀಳದೆ, ವಿಡಿಯೊದಲ್ಲೂ ದೊಡ್ಡ ಕರುಳು ತಲುಪಿದ್ದು ಕಾಣದಿದ್ದರೆ, ಎರಡು ವಾರದ ನಂತರ ಒಂದು ಎಕ್ಸ್‌ರೇ ತೆಗೆಸಿದರೆ ಗೊತ್ತಾಗುತ್ತದೆ.

ಕೊನೆಯದಾಗಿ, ಪರೀಕ್ಷೆಯ ದಿನ ಬರುವ ಮೊದಲೇ ಮಲ ಡಾಂಬರಿನಂತೆ ಕಪ್ಪಗೆ ಜಿಗುಟಾಗಿ ಬಂದರೆ, ರಕ್ತ ಕಂಡರೆ, ನಿಂತಾಗ ಕಣ್ಣು ಕತ್ತಲಿಟ್ಟರೆ, ಎದೆ ಒತ್ತಿದಂತಾಗಿ ಏದುಸಿರು ಬಂದರೆ ಕಾಯಬೇಡಿ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ ನಿಜ. ಆದರೆ ಅದರಲ್ಲಿ ಜಿಗುಟು, ಕೆಟ್ಟ ನಾತ ಇರುವುದಿಲ್ಲ. ಅನುಮಾನ ಬಂದರೆ ಆ ದಿನವೇ ತುರ್ತು ವಿಭಾಗಕ್ಕೆ ಹೋಗಿ, ಈಗಿನ ರಕ್ತ ಪರೀಕ್ಷೆಯ ವರದಿಯನ್ನೂ ನೀವು ನುಂಗುತ್ತಿರುವ ಎಲ್ಲ ಮಾತ್ರೆಗಳ ಹೆಸರನ್ನೂ ಜೊತೆಗೆ ಒಯ್ಯಿರಿ.